ಯಾರ ಮನೆ ಕೂಸು? — ಮೆದುಳಿನ ರಚನೆ, ನಡವಳಿಕೆ ಮತ್ತು ನೆನಪು



ಮೂವತ್ತು ವರ್ಷಕ್ಕೂ ಮಿಕ್ಕಿ ವೈದ್ಯಕೀಯ ವಿದ್ಯಾರ್ಥಿಗಳಿಗೆ ಅಂಗರಚನಾಶಾಸ್ತ್ರ ಕಲಿಸಿದವಳು ನಾನು. ಮೆದುಳನ್ನು ಅಂಗೈಯಲ್ಲಿಟ್ಟು ಇದು ಮುಂಭಾಗ, ಇದು ಪಕ್ಕದ ಹಾಲೆ, ಇದು ಹಿಂದಿನ ಕಿರುಮೆದುಳು ಎಂದು ಎಷ್ಟು ತಂಡಗಳಿಗೆ ತೋರಿಸಿದೆನೋ ಲೆಕ್ಕವಿಲ್ಲ. ಆದರೆ ಆ ಪಾಠ ನನಗೇ ಸರಿಯಾಗಿ ಅರ್ಥವಾದದ್ದು ಸಿದ್ದಾಪುರ ತಾಲೂಕಿನ ನಮ್ಮ ಮನೆಯ ಜಗಲಿಯ ಮೇಲೆ.

ಕೊನೆಕೊಯ್ಲಿನ ದಿನಗಳು. ಬೆಂಗಳೂರಿನಿಂದ ರಾತ್ರಿ ಬಸ್ಸಿಗೆ ಬಂದು ಬೆಳಿಗ್ಗೆ ಮನೆಯ ಅಂಗಳಕ್ಕೆ ಕಾಲಿಟ್ಟೆ. ಅಮ್ಮ ಮೆಟ್ಟುಗತ್ತಿಯ ಮುಂದೆ ಕೂತು ಅಡಕೆ ಸುಲಿಯುತ್ತಿದ್ದಳು. ತಲೆ ಎತ್ತಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಯಾರ ಮನೆ ಕೂಸೇ ನೀನು? ಆಸ್ರಿಗೆ ಎಂತ ಬೇಕು?" ಎಂದಳು.

ಹೊಟ್ಟೆಯ ಮಗಳ ಗುರುತು ಹತ್ತಲಿಲ್ಲ. ಬಂದವರಿಗೆ ಆಸರಿಗೆ, ಅಂದರೆ ಕುಡಿಯಲು ಏನು ಬೇಕೆಂದು ಕೇಳಬೇಕೆಂಬುದು ಮಾತ್ರ ಗೊತ್ತಿತ್ತು. ಮಾತಾಡುವಾಗ ಅವಳ ಕೈ ಒಂದು ಗಳಿಗೆಯೂ ನಿಂತಿರಲಿಲ್ಲ. ಕಾಯಿಯನ್ನು ಅಲಗಿಗೆ ಒತ್ತಿ, ತಿರುವಿ, ಸಿಪ್ಪೆ ಒಂದು ಕಡೆ, ಅಡಕೆ ಇನ್ನೊಂದು ಕಡೆ. ಆ ಅಲಗಿನ ಮೇಲೆ ನಾನು ಕೈಯಿಟ್ಟರೆ ಹತ್ತು ಅಡಕೆಯೊಳಗೆ ಬೆರಳು ಕುಯ್ದುಕೊಳ್ಳುತ್ತೇನೆ. ಅಂದು ರಾತ್ರಿ ತುಂಬ ಅತ್ತೆ. ಅಳು ನಿಂತ ಮೇಲೆ ಮನಸ್ಸಿನಲ್ಲಿ ಉಳಿದ ಪ್ರಶ್ನೆ ಇದು: ಒಂದೇ ತಲೆಯೊಳಗೆ ಮಗಳು ಅಳಿಸಿಹೋಗಿ, ಅಡಕೆ ಸುಲಿಯುವ ವಿದ್ಯೆ ಒಂದು ಕೂದಲೆಳೆಯಷ್ಟೂ ಕೊಂಕದೆ ಉಳಿದದ್ದು ಹೇಗೆ? ಇಂದಿನ ನನ್ನ ಮಾತೆಲ್ಲ ಈ ಒಂದು ಪ್ರಶ್ನೆಯ ಸುತ್ತ.

ನಾವು 'ನೆನಪು' ಎಂದು ಒಂದೇ ಶಬ್ದದಲ್ಲಿ ಕರೆಯುತ್ತೇವೆ, ಒಂದೇ ಕಣಜ ಇದ್ದ ಹಾಗೆ. ಮೆದುಳಿನಲ್ಲಿ ಅಂಥ ಒಂದು ಕಣಜ ಇಲ್ಲ. ನಮ್ಮ ಹಳೆಯ ಮನೆಗಳಲ್ಲಿ ಅಕ್ಕಿ ಒಂದು ಕಡೆ, ಅಡಕೆ ಅಟ್ಟದ ಮೇಲೆ, ಬಂಗಾರ ದೇವರ ಕೋಣೆಯ ಪೆಟ್ಟಿಗೆಯಲ್ಲಿ ಇರುತ್ತಿತ್ತಲ್ಲ, ಹಾಗೆ ಬೇರೆ ಬೇರೆ ಬಗೆಯ ನೆನಪಿಗೆ ಬೇರೆ ಬೇರೆ ಜಾಗ. ಒಂದು ಕೋಣೆಗೆ ಗೆದ್ದಲು ಹಿಡಿದರೆ ಇನ್ನೊಂದು ಕೋಣೆ ಎಷ್ಟೋ ವರ್ಷ ಗಟ್ಟಿಯಾಗಿರಬಹುದು.

ಮೆದುಳಿನ ತೂಕ ಸುಮಾರು 1,300ರಿಂದ 1,400 ಗ್ರಾಂ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಡಾ. ಎಸ್. ಕೆ. ಶಂಕರ್ ಅವರು 1995ರಲ್ಲಿ ಕಟ್ಟಲು ತೊಡಗಿದ ಮೆದುಳಿನ ಭಂಡಾರವೂ ಅದಕ್ಕೆ ಸೇರಿದ ಸಂಗ್ರಹಾಲಯವೂ ಇವೆ. ಜನಸಾಮಾನ್ಯರು ಅಲ್ಲಿ ಮನುಷ್ಯನ ಮೆದುಳನ್ನು ಕೈಯಲ್ಲಿ ಹಿಡಿದು ನೋಡಬಹುದು. ಮಕ್ಕಳನ್ನು ಬೆಂಗಳೂರಿಗೆ ಕರೆದೊಯ್ದಾಗ ಇದನ್ನೂ ತೋರಿಸಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಆ ಮುದ್ದೆಯೊಳಗೆ ಸುಮಾರು 8,600 ಕೋಟಿ ನರಕೋಶಗಳಿವೆ. ಅದರಲ್ಲಿ ಹತ್ತರಲ್ಲಿ ಎಂಟು ಪಾಲು, ಅಂದರೆ ಸುಮಾರು 6,900 ಕೋಟಿ, ಹಿಂದಲೆಯ ಕೆಳಗೆ ಅಡಗಿರುವ ಕಿರುಮೆದುಳಿನಲ್ಲಿ. ತೂಕದಲ್ಲಿ ಅದು ಇಡೀ ಮೆದುಳಿನ ಹತ್ತನೆಯ ಒಂದು ಪಾಲು ಮಾತ್ರ. ಈ ಸಂಖ್ಯೆಯನ್ನು ಮನಸ್ಸಿನಲ್ಲಿಡಿ, ಅಡಕೆ ಮರ ಏರಿ ಕೊನೆ ಕೊಯ್ಯುವ ಕೊನೆಗೌಡನ ಮಾತು ಬಂದಾಗ ಬೇಕಾಗುತ್ತದೆ.

ಕಿವಿಯ ನೇರಕ್ಕೆ ಒಳಗೆ, ಎಡಕ್ಕೊಂದು ಬಲಕ್ಕೊಂದು, ಕಿರುಬೆರಳಿನಷ್ಟು ಪುಟ್ಟದಾದ ಬಾಗಿದ ಭಾಗವಿದೆ. ಅದನ್ನು ಕಂಡ ಇಟಲಿಯ ವೈದ್ಯನೊಬ್ಬನಿಗೆ ಹದಿನಾರನೆಯ ಶತಮಾನದಲ್ಲಿ ಕಡಲಕುದುರೆ ನೆನಪಾಯಿತು. ಆ ಹೆಸರೇ ನಿಂತಿತು: ಹಿಪೊಕ್ಯಾಂಪಸ್. ಇದರ ಕೆಲಸ ಏನೆಂದು ಜಗತ್ತಿಗೆ ತಿಳಿದದ್ದು ಒಬ್ಬ ಮನುಷ್ಯನ ನಷ್ಟದಿಂದ. ಹೆನ್ರಿ ಮೊಲೇಸನ್ ಎಂಬ ಅಮೆರಿಕದ ತರುಣನಿಗೆ ಅಪಸ್ಮಾರ ವಿಪರೀತವಾಗಿತ್ತು. 1953ರಲ್ಲಿ, ಅವನ 27ನೆಯ ವಯಸ್ಸಿನಲ್ಲಿ, ವಿಲಿಯಂ ಸ್ಕೊವಿಲ್ ಎಂಬ ಶಸ್ತ್ರವೈದ್ಯ ಅವನ ಎರಡೂ ಪಕ್ಕದ ಹಿಪೊಕ್ಯಾಂಪಸ್‌ನ ಬಹುಭಾಗವನ್ನು ತೆಗೆದುಹಾಕಿದ. ಅಪಸ್ಮಾರ ಹತೋಟಿಗೆ ಬಂತು. ಆದರೆ ಅಂದಿನಿಂದ ಹೊಸ ಸಂಗತಿ ಒಂದೂ ಅವನಲ್ಲಿ ನಿಲ್ಲಲಿಲ್ಲ. ಊಟ ಮಾಡಿ ಎದ್ದರೆ ಊಟ ಮಾಡಿದ್ದು ನೆನಪಿಲ್ಲ. ವೈದ್ಯರು ಕೋಣೆಯಿಂದ ಹೊರಗೆ ಹೋಗಿ ಮರಳಿದರೆ ಮತ್ತೆ ಹೊಸ ಪರಿಚಯ. ಬುದ್ಧಿ ಚುರುಕಾಗಿಯೇ ಇತ್ತು, ಮಾತು ಸರಿಯಿತ್ತು, ಬಾಲ್ಯದ ಸಂಗತಿಗಳು ಇದ್ದವು.

ಬ್ರೆಂಡಾ ಮಿಲ್ನರ್ ಎಂಬ ಮನಶ್ಶಾಸ್ತ್ರಜ್ಞೆ ಅವನಿಗೊಂದು ಕೆಲಸ ಕೊಟ್ಟರು. ಎರಡು ಗೆರೆಗಳ ನಡುವೆ ನಕ್ಷತ್ರದ ಆಕಾರ ಬರೆಯಬೇಕು, ಆದರೆ ಕೈಯನ್ನು ನೇರವಾಗಿ ನೋಡದೆ ಕನ್ನಡಿಯಲ್ಲಿ ಮಾತ್ರ ನೋಡುತ್ತ. ನಮಗೂ ಇದು ಸುಲಭವಲ್ಲ, ಪೆನ್ಸಿಲು ಅಡ್ಡಾದಿಡ್ಡಿ ಓಡುತ್ತದೆ. ಮೂರು ದಿನದ ಅಭ್ಯಾಸದಲ್ಲಿ ಮೊಲೇಸನ್ ತಪ್ಪಿಲ್ಲದೆ ಬರೆಯತೊಡಗಿದ. ಪ್ರತಿ ಸಲವೂ ಅವನಿಗೆ ಅದು ಮೊದಲ ಸಲ. ಹಿಂದೆ ಮಾಡಿದ ನೆನಪೇ ಇಲ್ಲ. ಕೈ ಕಲಿತಿತ್ತು, ಕಲಿತದ್ದು ಮನುಷ್ಯನಿಗೆ ಗೊತ್ತಿರಲಿಲ್ಲ. 2008ರಲ್ಲಿ ಅವನು ತೀರಿಕೊಳ್ಳುವವರೆಗೂ ಐವತ್ತೈದು ವರ್ಷ ಆ ಮನುಷ್ಯ ತಾಳ್ಮೆಯಿಂದ ಪರೀಕ್ಷೆಗೆ ಕೂತ. ನಾವು ನೆನಪಿನ ಬಗ್ಗೆ ತಿಳಿದಿರುವುದರ ದೊಡ್ಡ ಪಾಲು, ಏನನ್ನೂ ನೆನಪಿಡಲಾರದ ಅವನು ಕೊಟ್ಟದ್ದು. ಅವನ ಹೆಸರು ಹೇಳುವಾಗಲೆಲ್ಲ ನಾನು ಮನಸ್ಸಿನಲ್ಲೇ ಕೈಮುಗಿಯುತ್ತೇನೆ.

ಇನ್ನು ಕೊನೆಗೌಡ. ಕಾಲಿಗೆ ತಳೆ ಸಿಕ್ಕಿಸಿ ಮರ ಏರಿ, ಮೇಲಿನಿಂದಲೇ ಮರವನ್ನು ತೂಗಿ, ಪಕ್ಕದ ಮರ ಹಿಡಿದು ಅದಕ್ಕೆ ದಾಟಿಕೊಳ್ಳುವ ಆ ಜಿಗಿತವನ್ನು ನೀವೆಲ್ಲ ನೋಡಿದ್ದೀರಿ. ಮರ ಎಷ್ಟು ಬಾಗುತ್ತದೆ, ಗಾಳಿ ಎತ್ತಲಿಂದ, ಕೈ ಯಾವ ಕ್ಷಣಕ್ಕೆ ಬಿಡಬೇಕು ಎಂಬುದನ್ನು ಅವನು ಮಾತಿನಲ್ಲಿ ವಿವರಿಸಲಾರ. ವಿವರಿಸುತ್ತ ಕೂತರೆ ಬಿದ್ದೇ ಹೋದಾನು. ಆ ಲೆಕ್ಕವೆಲ್ಲ ನಡೆಯುವುದು ಕಿರುಮೆದುಳಿನಲ್ಲಿ, ಮತ್ತು ಮೆದುಳಿನ ಆಳದಲ್ಲಿರುವ ತಳಗಂಟುಗಳಲ್ಲಿ. ಸಾವಿರ ಸಲ ಮಾಡಿದ ಕೆಲಸವನ್ನು ಈ ಎರಡು ತಮ್ಮ ವಶಕ್ಕೆ ತೆಗೆದುಕೊಂಡು ಮೇಲಿನ ಮೆದುಳಿಗೆ ಬಿಡುವು ಕೊಡುತ್ತವೆ. ಅಮ್ಮನ ಮೆಟ್ಟುಗತ್ತಿ ಇದ್ದದ್ದು ಇಲ್ಲಿ. ಅಮ್ಮನಿಗೆ ಬಂದಿದ್ದ ಮರೆವಿನ ಕಾಯಿಲೆ, ಆಲ್ಜೈಮರ್, ಮೊದಲು ಮುಟ್ಟುವುದು ಹಿಪೊಕ್ಯಾಂಪಸ್ ಮತ್ತು ಅದರ ನೆರೆಯನ್ನು. ತಳಗಂಟು, ಕಿರುಮೆದುಳಿಗೆ ಅದು ತುಂಬ ತಡವಾಗಿ ಬರುತ್ತದೆ.

ಯಕ್ಷಗಾನದ ನೆಲದಲ್ಲಿ ನಿಂತು ತಾಳದ ಮಾತು ಬಿಡಲಾದೀತೇ? 1985ರಲ್ಲಿ ಕ್ಲೈವ್ ವೇರಿಂಗ್ ಎಂಬ ಬ್ರಿಟಿಷ್ ಸಂಗೀತಗಾರನಿಗೆ ವೈರಸ್ಸಿನಿಂದ ಮೆದುಳಿನ ಉರಿಯೂತ ಬಂತು. ಎರಡೂ ಹಿಪೊಕ್ಯಾಂಪಸ್ ನಾಶವಾದವು. ಅರ್ಧ ನಿಮಿಷದ ಹಿಂದಿನದೂ ಅವರ ಹತ್ತಿರ ಇಲ್ಲದಂತಾಯಿತು. ಆದರೆ ಪಿಯಾನೋ ಮುಂದೆ ಕೂರಿಸಿದರೆ ಇಡೀ ಕೃತಿ ನುಡಿಸುತ್ತಿದ್ದರು, ಗಾಯಕರ ಮೇಳವನ್ನು ನಡೆಸುತ್ತಿದ್ದರು. ನಮ್ಮ ಕಡೆಯಲ್ಲೂ ಮನೆಯವರ ಹೆಸರು ತಪ್ಪುವ ಹಿರಿಯ ಕಲಾವಿದರು ಚಂಡೆಯ ಪೆಟ್ಟು ಕಿವಿಗೆ ಬಿದ್ದೊಡನೆ ಕೂತಲ್ಲೇ ಕಾಲು ಹಾಕುವುದನ್ನು ನಾನು ಕಂಡಿದ್ದೇನೆ. ಶಿರಸಿ ತಾಲೂಕಿನ ಹೊಸ್ತೋಟ ಮಂಜುನಾಥ ಭಾಗವತರು ಶಿವಮೊಗ್ಗದಲ್ಲಿ ಕಣ್ಣು ಕಾಣದವರಿಗೆ ಯಕ್ಷಗಾನ ಕಲಿಸಿ ರಂಗಕ್ಕೆ ತಂದರು. ನೋಡಿ ಕಲಿಯುವ ದಾರಿಯೇ ಮುಚ್ಚಿದ್ದರೂ ಕುಣಿತ ದೇಹಕ್ಕೆ ಇಳಿಯುತ್ತದೆ ಎಂಬುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಡ. 2020ರಲ್ಲಿ ಅವರು ತೀರಿಕೊಂಡಾಗ ನಾವು ಒಬ್ಬ ಭಾಗವತರನ್ನಷ್ಟೇ ಅಲ್ಲ, ಕಲಿಕೆಯ ಒಬ್ಬ ಮಹಾ ಪ್ರಯೋಗಶೀಲನನ್ನೂ ಕಳೆದುಕೊಂಡೆವು.

ಇದೇ ಮಾತು ಹೇಳುವಾಗ ಯಲ್ಲಾಪುರದ ಕಡೆಯ ಸಿದ್ದಿಗಳು ನೆನಪಾಗುತ್ತಾರೆ. ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದ ಆ ಜನರ ಹಿರಿಯರ ನುಡಿ ಉಳಿದಿಲ್ಲ, ಅವರೀಗ ಕನ್ನಡ, ಕೊಂಕಣಿ, ಮರಾಠಿ ಆಡುತ್ತಾರೆ. ಆದರೆ ಡಮಾಮಿಯ ಬಡಿತ, ಕುಣಿತ ಇದೆ. ಒಂದು ಸಮುದಾಯದ ಚರಿತ್ರೆಯೂ ಒಬ್ಬರ ಮೆದುಳೂ ಒಂದೇ ಅಲ್ಲ ಎಂಬ ಎಚ್ಚರ ನನಗಿದೆ. ಆದರೂ ಮಾತು ಹೋದಲ್ಲಿ ತಾಳ ಉಳಿಯುವುದನ್ನು ಕಂಡಾಗ ನನಗೆ ಅಮ್ಮನ ಕೈಯೇ ಕಣ್ಣ ಮುಂದೆ ಬರುತ್ತದೆ.

ತಾಳಮದ್ದಳೆಯದು ಬೇರೆ ಬಗೆ. ಅರ್ಥಧಾರಿಗೆ ಬಾಯಿಪಾಠದ ಮಾತಿಲ್ಲ. ಭಾಗವತರ ಪದ್ಯ, ಪುರಾಣದ ಚೌಕಟ್ಟು, ಎದುರಿಗೆ ಕೂತವರು ಈಗಷ್ಟೇ ಎಸೆದ ವಾದ, ಇವನ್ನೆಲ್ಲ ಒಟ್ಟಿಗೆ ಹಿಡಿದು ಆ ಕ್ಷಣಕ್ಕೆ ಮಾತು ಕಟ್ಟಬೇಕು. ಹಣೆಯ ಹಿಂದಿನ ಮುಂಭಾಗದ ಮೆದುಳು ಇಲ್ಲಿ ದುಡಿಯುತ್ತದೆ. 2008ರಲ್ಲಿ ಅಮೆರಿಕದಲ್ಲಿ ಜಾಝ್ ವಾದಕರನ್ನು ಸ್ಕ್ಯಾನ್ ಯಂತ್ರದೊಳಗೆ ಮಲಗಿಸಿ ಆಶುವಾಗಿ ನುಡಿಸಲು ಹೇಳಿದಾಗ ಒಂದು ಸೊಗಸಾದ ಸಂಗತಿ ಕಂಡಿತು. ತನ್ನನ್ನು ತಾನು ತಿದ್ದುತ್ತ, ತಡೆಯುತ್ತ ಇರುವ ಭಾಗ ಶಾಂತವಾಗಿ, ತನ್ನ ಕಥೆಯನ್ನು ತಾನು ಹೇಳಿಕೊಳ್ಳುವ ನಡುಭಾಗ ಚುರುಕಾಗಿತ್ತು. ಕರ್ಣಪರ್ವದ ರಾತ್ರಿ ಎರಡು ಗಂಟೆಗೆ ಮಾತು ರಂಗೇರಿದಾಗ ನಮ್ಮ ಅರ್ಥಧಾರಿಯ ತಲೆಯೊಳಗೂ ಹೀಗೇ ಆಗುತ್ತದೆಯೇ ಎಂದು ನೋಡುವ ಆಸೆ ನನಗಿದೆ. ಈ ಸಭೆಯಲ್ಲಿರುವ ವಿಜ್ಞಾನದ ವಿದ್ಯಾರ್ಥಿಗಳು ಯಾರಾದರೂ ಮುಂದೆ ಮಾಡಿಯಾರು.

ಬಾಯಿಪಾಠವೇ ಮೆದುಳಿನ ಆಕಾರವನ್ನು ಮುಟ್ಟುತ್ತದೆಯೇ? ಸೋಂದೆಯ ಸ್ವರ್ಣವಲ್ಲಿಯ ಪಾಠಶಾಲೆಯಂಥ ಕಡೆ ಪದ, ಕ್ರಮ, ಜಟೆ, ಘನ ಎಂದು ಮಂತ್ರವನ್ನು ಮುಂದೆ ಹಿಂದೆ ಹೆಣೆದು ಹೇಳುವ ಮಕ್ಕಳನ್ನು ನೀವು ಕೇಳಿದ್ದೀರಿ. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಯಜುರ್ವೇದ ಕಲಿತ 21 ಪಂಡಿತರನ್ನು ಅಷ್ಟೇ ಸಂಖ್ಯೆಯ ಇತರರೊಂದಿಗೆ ಹೋಲಿಸಿ ನೋಡಿದರು. ಪಂಡಿತರ ಮೆದುಳಿನಲ್ಲಿ ಭಾಷೆ, ಶ್ರವಣ, ನೆನಪಿಗೆ ಸಂಬಂಧಿಸಿದ ಹಲವು ಭಾಗಗಳಲ್ಲಿ ಬೂದುವಸ್ತು ಹೆಚ್ಚಿತ್ತು, ಬಲ ಹಿಪೊಕ್ಯಾಂಪಸ್‌ನಲ್ಲೂ. ಇದನ್ನು ಕೇಳಿ ನಮ್ಮವರು ಹಿಗ್ಗುವುದು ಸಹಜ. ಆದರೆ ಮಂತ್ರ ಕಲಿತದ್ದರಿಂದ ಮೆದುಳು ಹಾಗಾಯಿತೋ, ಹಾಗಿದ್ದವರು ಕಲಿಕೆಯಲ್ಲಿ ಉಳಿದುಕೊಂಡರೋ ಎಂಬುದನ್ನು ಒಮ್ಮೆ ತೆಗೆದ ಚಿತ್ರ ಹೇಳಲಾರದು. ಮಂತ್ರ ಬಲ್ಲವರಿಗೆ ಮರೆವು ಬಾರದು ಎಂದಂತೂ ಅದರಿಂದ ಹೇಳುವ ಹಾಗಿಲ್ಲ. ಇದನ್ನು ಸ್ಪಷ್ಟವಾಗಿ ಹೇಳುವುದು ನನ್ನ ಕರ್ತವ್ಯ.

ಈಗ ದಾರಿಯ ಮಾತು. ಅಮ್ಮನಲ್ಲಿ ಮೊದಲು ಕಂಡ ಲಕ್ಷಣ ಹೆಸರು ಮರೆತದ್ದಲ್ಲ. ಐವತ್ತು ವರ್ಷ ದರಕಿಗೆ, ಸೊಪ್ಪಿಗೆ ಹೋದ ಸೊಪ್ಪಿನಬೆಟ್ಟದಲ್ಲಿ ಅವಳು ಒಂದು ಸಂಜೆ ದಾರಿ ತಪ್ಪಿದಳು. ಮರ ಮರವೂ ಗುರುತಿದ್ದ ಜಾಗ. ವಯಸ್ಸಾಯಿತು, ಕಣ್ಣು ಮಂಜಾಗಿದೆ ಎಂದುಕೊಂಡೆವು. ಹಿಪೊಕ್ಯಾಂಪಸ್‌ಗೆ ಒತ್ತಿಕೊಂಡೇ ಎಂಟೋರೈನಲ್ ಎಂಬ ತೊಗಟೆಯ ತುಂಡೊಂದಿದೆ. ನಾರ್ವೆಯ ಮೋಸರ್ ದಂಪತಿ 2005ರಲ್ಲಿ ಇಲಿಗಳ ಮೆದುಳಿನ ಈ ಭಾಗದಲ್ಲಿ, ನೆಲವನ್ನು ಅಳೆದು ಗುರುತು ಹಾಕುವ ಕೋಶಗಳನ್ನು ಕಂಡರು. ಸರ್ವೆಯವರು ಕಲ್ಲು ನೆಟ್ಟ ಹಾಗೆ ಸಮದೂರದಲ್ಲಿ ಅವು ಮಿಡಿಯುತ್ತವೆ. 2014ರ ನೊಬೆಲ್ ಬಹುಮಾನವನ್ನು ಅವರು ಜಾನ್ ಓಕೀಫ್ ಅವರೊಂದಿಗೆ ಹಂಚಿಕೊಂಡರು. ಆಲ್ಜೈಮರ್ ಕಾಯಿಲೆ ಮೊದಲು ಬೇರೂರುವುದೂ ಇದೇ ತುಂಡಿನಲ್ಲಿ ಎಂದು ಜರ್ಮನಿಯ ಬ್ರಾಕ್ ದಂಪತಿ 1991ರಲ್ಲೇ ತೋರಿಸಿದ್ದರು. ಎರಡನ್ನೂ ಪಾಠ ಮಾಡಿದವಳು ನಾನು. ಬೆಟ್ಟದಲ್ಲಿ ದಾರಿ ತಪ್ಪಿದ ಅಮ್ಮನಿಗೂ ಅದಕ್ಕೂ ಗಂಟು ಹಾಕಲು ನನಗೆ ಎರಡು ವರ್ಷ ಬೇಕಾಯಿತು. ಪರಿಚಿತ ದಾರಿಯಲ್ಲಿ ಹಿರಿಯರು ತಬ್ಬಿಬ್ಬಾದರೆ ದಯವಿಟ್ಟು ಅದನ್ನು ಕಣ್ಣಿನ ಲೆಕ್ಕಕ್ಕೆ ಹಾಕಿ ಬಿಡಬೇಡಿ.

ಆಮೇಲೆ ಶುರುವಾದದ್ದು ಮುಸ್ಸಂಜೆಯ ಹಟ. ದೀಪ ಹಚ್ಚುವ ಹೊತ್ತಿಗೆ ಸೀರೆಯ ಸೆರಗು ಸರಿಮಾಡಿಕೊಂಡು, "ಹೊತ್ತಾತು, ಆನು ಮನೆಗೆ ಹೋಗ್ತಿ" ಎಂದು ಹೊರಡುವಳು. ಇದೇ ನಿನ್ನ ಮನೆ ಎಂದರೆ ಅವಳಿಗೆ ಸಿಟ್ಟು. ಅವಳು ಕೇಳುತ್ತಿದ್ದ ಮನೆ ಯಲ್ಲಾಪುರ ಸೀಮೆಯ ತವರುಮನೆ, ಅರವತ್ತು ವರ್ಷದ ಹಿಂದಿನದು. ಹೊಸ ನೆನಪಿಗೆ ಹಿಪೊಕ್ಯಾಂಪಸ್ ಬೇಕು. ಹಳೆಯದು ವರ್ಷಗಳು ಕಳೆದಂತೆ ಮೆದುಳಿನ ಹೊರತೊಗಟೆಯಲ್ಲಿ ಹರಡಿ ಬೇರುಬಿಟ್ಟಿರುತ್ತದೆ. ಹಾಗಾಗಿ ಮೇಲಿನ ಪದರ ಮೊದಲು ಸವೆಯುತ್ತದೆ. ಮೊಮ್ಮಕ್ಕಳು ಹೋದರು, ಮಕ್ಕಳು ಹೋದರು, ಗಂಡನ ಮನೆ ಹೋಯಿತು. ಉಳಿದಳು ತವರಿನ ಹುಡುಗಿ. ಅವಳಿಗೆ ನಾನು ಮಗಳಾಗಿ ಕಾಣುವುದಾದರೂ ಹೇಗೆ? ಮದುವೆಯಾಗದ ಹುಡುಗಿಗೆ ನನ್ನಂಥ ನರೆತ ಕೂದಲಿನ ಮಗಳಿರುತ್ತಾಳೆಯೇ?

ನಾನು ಮಾಡಿದ ತಪ್ಪನ್ನೂ ಇಲ್ಲಿ ಹೇಳಬೇಕು, ಇನ್ನೊಬ್ಬರ ಮನೆಯಲ್ಲಿ ಅದು ಆಗದಿರಲಿ ಎಂದು. ದಿನಾ ಬೆಳಿಗ್ಗೆ ಅಮ್ಮನಿಗೆ ಪರೀಕ್ಷೆ ಮಾಡುತ್ತಿದ್ದೆ. ಇವತ್ತು ಯಾವ ವಾರ, ನಾನು ಯಾರು, ನಿನ್ನೆ ಯಾರು ಬಂದಿದ್ದರು? ತಪ್ಪು ಹೇಳಿದರೆ ತಿದ್ದುತ್ತಿದ್ದೆ, ಧ್ವನಿ ಏರುತ್ತಿತ್ತು. ಹತ್ತು ನಿಮಿಷಕ್ಕೆ ಅವಳಿಗೆ ಆ ಮಾತೆಲ್ಲ ಮರೆತಿರುತ್ತಿತ್ತು. ಮರೆತಳಲ್ಲ, ನೋವಾಗಲಿಲ್ಲ ಎಂದು ನಾನು ತಿಳಿದಿದ್ದೆ. ಆದರೆ ಮಧ್ಯಾಹ್ನದವರೆಗೂ ಅವಳ ಮುಖ ಬಾಡಿರುತ್ತಿತ್ತು. ಕಾರಣ ಕೇಳಿದರೆ ಅವಳಿಗೂ ತಿಳಿಯದು.

ಹಿಪೊಕ್ಯಾಂಪಸ್‌ನ ಮುಂದಿನ ತುದಿಗೆ ಬಾದಾಮಿಯ ಆಕಾರದ ಅಮಿಗ್ಡಲಾ ಇದೆ. ಅಂಜಿಕೆ, ನೋವು, ಸಂತೋಷದ ಗುರುತು ಬೀಳುವಲ್ಲಿ ಅದರ ಪಾತ್ರ ದೊಡ್ಡದು. 1911ರಲ್ಲಿ ಸ್ವಿಸ್ ವೈದ್ಯ ಕ್ಲಾಪರೇಡ್ ಬೆರಳ ನಡುವೆ ಸೂಜಿ ಅಡಗಿಸಿಟ್ಟು ಮರೆವಿನ ರೋಗಿಯೊಬ್ಬಳ ಕೈಗೆ ಚುಚ್ಚಿದ. ಸ್ವಲ್ಪ ಹೊತ್ತಿಗೆ ಅವಳು ಅದನ್ನು ಮರೆತಳು. ಆದರೂ ಅವನು ಮತ್ತೆ ಕೈ ಚಾಚಿದಾಗ ತನ್ನ ಕೈ ಹಿಂದೆಳೆದುಕೊಂಡಳು. ಅಯೋವಾ ವಿಶ್ವವಿದ್ಯಾಲಯದವರು 2014ರಲ್ಲಿ ಆಲ್ಜೈಮರ್ ರೋಗಿಗಳಿಗೆ ದುಃಖದ, ಸಂತೋಷದ ಚಿತ್ರತುಣುಕು ತೋರಿಸಿದರು. ಚಿತ್ರ ಬೇಗನೆ ಮರೆತುಹೋಯಿತು, ಭಾವ ಉಳಿದೇ ಇತ್ತು. ಚಿತ್ರವನ್ನು ಕಡಿಮೆ ನೆನಪಿಟ್ಟವರಲ್ಲೇ ದುಃಖ ಹೆಚ್ಚು ಹೊತ್ತು ಉಳಿದಿತ್ತು. ಇದನ್ನು ಓದಿದ ದಿನ ನಾನು ಅಮ್ಮನನ್ನು ಪ್ರಶ್ನೆ ಕೇಳುವುದು ಬಿಟ್ಟೆ. ಸಂಜೆ ಮನೆಗೆ ಹೋಗ್ತಿ ಎಂದರೆ, ನಡಿ ಹೋಪ ಎಂದು ಕೈಹಿಡಿದು ತೋಟದ ಅಂಚಿನವರೆಗೆ ಹೋಗಿ, ತವರಿನ ಕಥೆ ಕೇಳುತ್ತ ತಿರುಗಿ ಬರುತ್ತಿದ್ದೆವು. ಅಂಗಳಕ್ಕೆ ಬಂದಾಗ ಅವಳಿಗೆ ಮನೆ ಬಂದಂತಾಗುತ್ತಿತ್ತು.

ಮನೆಮನೆಯಲ್ಲಿ ಜಗಳ ಹುಟ್ಟಿಸುವ ಇನ್ನೊಂದು ಸಂಗತಿ ಇದೆ. ಸರ ಕಾಣುತ್ತಿಲ್ಲ, ಸೊಸೆ ಕದ್ದಳು ಎಂಬ ಆರೋಪ. ಎಷ್ಟು ಸೊಸೆಯಂದಿರು ಇದನ್ನು ನನ್ನೆದುರು ಅತ್ತು ಹೇಳಿದ್ದಾರೆ. ಅತ್ತೆಯೇ ಅದನ್ನು ಅಕ್ಕಿ ಡಬ್ಬಿಯಲ್ಲಿ ಬಚ್ಚಿಟ್ಟಿರುತ್ತಾರೆ. ಬಚ್ಚಿಟ್ಟದ್ದು ದಾಖಲಾಗಿಲ್ಲ, ಸರ ಇಲ್ಲದ್ದು ಮಾತ್ರ ಕಣ್ಣಿಗೆ ಕಾಣುತ್ತದೆ. ಇವೆರಡರ ನಡುವಿನ ತೂತನ್ನು ಮೆದುಳು ತನಗೆ ಸಿಕ್ಕ ಕಥೆಯಿಂದ ತುಂಬಿಕೊಳ್ಳುತ್ತದೆ, ಹತ್ತಿರ ಇರುವವರೇ ಕಥೆಯ ಕಳ್ಳರಾಗುತ್ತಾರೆ. ಯಾವಾಗಲೂ ಬಳಿಯಲ್ಲಿದ್ದು ಸೇವೆ ಮಾಡುವವಳ ಮೇಲೇ ಈ ಮಾತು ಬರುವುದು ಅದಕ್ಕೇ. ಅತ್ತೆಯ ಒಳಗಿನ ದ್ವೇಷ ಈಗ ಹೊರಬಂತು ಎನ್ನುವುದು ಸುಳ್ಳು.

ಹಾಗೆಯೇ ಜೀವಮಾನವಿಡೀ ಸೌಮ್ಯರಾಗಿದ್ದವರು ಬೈಗುಳ ಶುರುಮಾಡುವುದು, ಸಭ್ಯತೆ ಮರೆಯುವುದು. ಮುಂಭಾಗದ ಮೆದುಳಿನ ತಡೆ ಸಡಿಲವಾದಾಗ ಹೀಗಾಗುತ್ತದೆ. 1848ರಲ್ಲಿ ಅಮೆರಿಕದಲ್ಲಿ ರೈಲು ಕೆಲಸದ ಮೇಸ್ತ್ರಿ ಫಿನಿಯಸ್ ಗೇಜ್‌ನ ಕೆನ್ನೆಯಿಂದ ನೆತ್ತಿಗೆ ಮೂರೂವರೆ ಅಡಿ ಉದ್ದದ ಸಲಾಕೆ ತೂರಿಹೋಯಿತು. ಅವನು ಬದುಕಿದ, ಸ್ವಭಾವ ಬದಲಾಯಿತು. ಪುಸ್ತಕಗಳು ಕಥೆಯನ್ನು ಹೆಚ್ಚಾಗಿ ಇಲ್ಲಿಗೇ ನಿಲ್ಲಿಸುತ್ತವೆ. ಅವನು ಮುಂದೆ ವರ್ಷಗಟ್ಟಲೆ ಚಿಲಿ ದೇಶದಲ್ಲಿ ಕುದುರೆಗಾಡಿ ಓಡಿಸಿದ ಎಂಬುದನ್ನು ನಾನು ವಿದ್ಯಾರ್ಥಿಗಳಿಗೆ ತಪ್ಪದೆ ಹೇಳುತ್ತಿದ್ದೆ. ಹೊತ್ತಿಗೆ ಸರಿಯಾಗಿ ಅದೇ ದಾರಿ, ಅದೇ ಕುದುರೆ, ಅದೇ ಕೆಲಸ. ಹೊರಗಿನ ದಿನಚರಿ ಒಳಗೆ ಮುರಿದದ್ದಕ್ಕೆ ಊರೆಗೋಲಾಗಬಲ್ಲದು.

ಭಾರತದಲ್ಲಿ 60 ದಾಟಿದವರಲ್ಲಿ ಸುಮಾರು 88 ಲಕ್ಷ ಮಂದಿಗೆ ಮರೆವಿನ ಕಾಯಿಲೆ ಇದೆಯೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಂದಾಜು ಹೇಳುತ್ತದೆ. ಮಕ್ಕಳೆಲ್ಲ ಬೆಂಗಳೂರು, ಅಮೆರಿಕ ಸೇರಿ, ದೊಡ್ಡ ಮನೆಯಲ್ಲಿ ಇಬ್ಬರೇ ಮುದುಕರು ಉಳಿದಿರುವ ನಮ್ಮ ಸೀಮೆಗೆ ಇದು ದೂರದ ಸಂಖ್ಯೆಯಲ್ಲ.

ಆದರೆ ಎಲ್ಲ ಮರೆವೂ ಆಲ್ಜೈಮರ್ ಅಲ್ಲ, ಇದನ್ನು ಹೇಳದೆ ಇಳಿಯಲಾರೆ. ಸಸ್ಯಾಹಾರಿಗಳಲ್ಲಿ ಬಿ-12 ಜೀವಸತ್ವದ ಕೊರತೆ ಸಾಮಾನ್ಯ, ಅದರಿಂದಲೂ ಮರೆವು ಬರುತ್ತದೆ. ಥೈರಾಯ್ಡ್ ಕಡಿಮೆಯಾದರೂ ಬರುತ್ತದೆ. ಎರಡಕ್ಕೂ ರಕ್ತ ಪರೀಕ್ಷೆ ಇದೆ, ಔಷಧವಿದೆ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳದಲ್ಲಿ ಜಾರಿ ಬಿದ್ದು ತಲೆಗೆ ಸಣ್ಣ ಪೆಟ್ಟಾದರೆ, ತಲೆಬುರುಡೆಯ ಒಳಗೆ ನಿಧಾನವಾಗಿ ರಕ್ತ ಕಟ್ಟಿ ವಾರಗಳ ಮೇಲೆ ಗಲಿಬಿಲಿ, ನಿದ್ದೆಗಣ್ಣು, ನಡಿಗೆಯ ತೂರಾಟ ಕಾಣಿಸಿಕೊಳ್ಳಬಹುದು. ಅಷ್ಟರಲ್ಲಿ ಬಿದ್ದದ್ದೇ ಮರೆತಿರುತ್ತದೆ. ಸ್ಕ್ಯಾನ್‌ನಲ್ಲಿ ಅದು ಕಾಣುತ್ತದೆ, ಶಸ್ತ್ರಚಿಕಿತ್ಸೆಯಿಂದ ಗುಣವಾಗುತ್ತದೆ. ನಿನ್ನೆ ಸರಿಯಿದ್ದವರು ಇವತ್ತು ಒಮ್ಮೆಲೇ ಬಡಬಡಿಸಿದರೆ ಮೂತ್ರದ ಸೋಂಕು, ಸೋಡಿಯಂ ಇಳಿತ, ಹೊಸ ಮಾತ್ರೆ, ಏನೂ ಇರಬಹುದು. ಆ ದಿನವೇ ಆಸ್ಪತ್ರೆಗೆ ಹೋಗಬೇಕು. 1957ರಲ್ಲಿ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಸಿದ್ದಾಪುರದವರಿಗೆ ಚೆನ್ನಾಗಿ ಗೊತ್ತು. ಅದರಲ್ಲೂ ಕೆಲವರಿಗೆ ಜ್ವರ ಬಿಟ್ಟು ವಾರವೋ ಎರಡು ವಾರವೋ ಆರಾಮಾಗಿದ್ದು, ಮತ್ತೆ ಜ್ವರ ಮರುಕಳಿಸಿ ತಲೆನೋವು, ಕೈನಡುಕ, ಗಲಿಬಿಲಿ ಬರುತ್ತದೆ. ಉಣುಗು ಕಚ್ಚಿದ ಕಾಡಿನ ಓಡಾಟವನ್ನು ವೈದ್ಯರಿಗೆ ಮರೆಯದೆ ಹೇಳಿ.

ಅಮ್ಮ ಈಗಿಲ್ಲ. ಕೊನೆಯ ವರ್ಷದ ಕೊಯ್ಲಿನಲ್ಲೂ ನಾವು ಅವಳ ಮುಂದೆ ಮೆಟ್ಟುಗತ್ತಿ ಇಟ್ಟೆವು. ಅಪಾಯವಲ್ಲವೇ ಎಂದು ನೆಂಟರು ಕೇಳಿದರು. ಪಕ್ಕದಲ್ಲಿ ಒಬ್ಬರು ಕೂತಿರುತ್ತಿದ್ದೆವು. ಸುಲಿದ ಅಡಕೆ ದಿನಕ್ಕೆ ಅರ್ಧ ಬುಟ್ಟಿಯೂ ಆಗುತ್ತಿರಲಿಲ್ಲ. ಆ ಹೊತ್ತಿನಲ್ಲಿ ಮಾತ್ರ ಅವಳು ಯಾರನ್ನೂ ಏನನ್ನೂ ಕೇಳುತ್ತಿರಲಿಲ್ಲ, ಮನೆಗೆ ಹೋಗಬೇಕು ಎನ್ನುತ್ತಿರಲಿಲ್ಲ.

ಸಭೆ ಮುಗಿದ ಮೇಲೆ ನಾನು ವೇದಿಕೆಯ ಹಿಂದಿನ ಕೋಣೆಯಲ್ಲಿ ಒಂದು ತಾಸು ಕೂತಿರುತ್ತೇನೆ. ಮನೆಯಲ್ಲಿ ಇಂಥ ಹಿರಿಯರು ಇರುವವರು ಬನ್ನಿ, ಅವರು ನುಂಗುವ ಮಾತ್ರೆಗಳ ಚೀಟಿ ಇದ್ದರೆ ತನ್ನಿ. ಅವರು ಏನೇನು ಮರೆತಿದ್ದಾರೆಂದು ನೀವು ಹೇಳುವುದು ಹೇಗೂ ಇದ್ದೇ ಇದೆ. ಅವರ ಕೈಗೆ ಇನ್ನೂ ಏನೇನು ಬರುತ್ತದೆ ಎಂಬುದನ್ನೂ ಯೋಚಿಸಿಕೊಂಡು ಬನ್ನಿ, ಅಲ್ಲಿಂದಲೇ ಮಾತು ಶುರುಮಾಡೋಣ.